ಹದಿನಾಲ್ಕನೇ ಬಾಟಲಿ

"ಅತ್ತೇ, ಹಗ್ಗ ಬಿಡಿ, ನಾನು ಸೇದ್ತೀನಿ," ಎಂದು ಅಳಿಯ ಮೂರನೇ ಸಲ ಹೇಳಿದ.

ಮೇಷ್ಟ್ರ ಹೆಂಡತಿ ಬಿಡಲಿಲ್ಲ. ನಡುಮನೆಯಲ್ಲಿ ಗಂಡನ ದೇಹ ಮಲಗಿಸಿದ್ದರು. ಈಕೆ ಹಿತ್ತಲಲ್ಲಿ ಬಾವಿಯಿಂದ ಕೊಡ ಎಳೆಯುತ್ತಿದ್ದಳು. ಎಳೆದ ನೀರನ್ನು ಲೋಟಗಳಿಗೆ ಬಗ್ಗಿಸಿ, ತಟ್ಟೆಯಲ್ಲಿಟ್ಟುಕೊಂಡು, ಬಂದವರಿಗೆಲ್ಲ ತಾನೇ ಹಂಚಿದಳು. ಬಿಸಿಲಲ್ಲಿ ಬಂದ ಜನ, ಬಾಯಾರಿದ್ದರು. ಆದರೂ ಲೋಟ ಹಿಡಿದು ಸುಮ್ಮನೆ ನಿಂತರು. ಆ ಬಾವಿಯ ನೀರು ಕುಡಿಯಬಾರದೆಂದು ಇಡೀ ಬೀದಿಗೆ ಹೇಳಿದವರು ಮೇಷ್ಟ್ರೇ.

"ಕುಡಿ. ವಿಷ ಏನೂ ಹಾಕಿಲ್ಲ," ಎಂದಳು ಪಕ್ಕದ ಮನೆಯ ಟೈಲರಮ್ಮನಿಗೆ.

"ಈಗ್ತಾನೇ ಕುಡ್ಕೊಂಡು ಬಂದೆ ಅಕ್ಕಾ."

"ಇಪ್ಪತ್ತೆರಡು ವರ್ಷದಿಂದ ನೀನು ಈಗ್ತಾನೇ ಕುಡ್ಕೊಂಡು ಬರ್ತಾ ಇದೀಯ."

ಬಾವಿ ಅವಳ ಅಪ್ಪ ತೋಡಿಸಿದ್ದು. ಮನೆಯೂ ಅಪ್ಪನದೇ, ಮೇಷ್ಟ್ರು ಮನೆಯಳಿಯ. ಒಂದು ಕಾಲಕ್ಕೆ ಬೀದಿಯ ಹೆಂಗಸರೆಲ್ಲ ಬೆಳಿಗ್ಗೆ ಬಿಂದಿಗೆ ಹಿಡಿದು ಇಲ್ಲಿಗೇ ಬರುತ್ತಿದ್ದರು. ಇಂಥ ಸಿಹಿ ನೀರು ಬೇರೆಲ್ಲೂ ಇಲ್ಲ ಅನ್ನುತ್ತಿದ್ದರು. ಆ ಮಾತು ಕೇಳುವುದೇ ಅವಳಿಗೆ ಒಂದು ಸುಖವಾಗಿತ್ತು.

ಗೇಟಿನಲ್ಲಿ ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಚಪ್ಪಲಿ ಬಿಟ್ಟಳು. ನಗರದ ನೀರಿನ ಪರೀಕ್ಷಾಲಯದಲ್ಲಿ ಕೆಲಸ, ಮೇಷ್ಟ್ರ ಹಳೆಯ ವಿದ್ಯಾರ್ಥಿನಿ. ಮೇಷ್ಟ್ರ ಹೆಂಡತಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ನೀನು ಹನ್ನೊಂದು ಅಲ್ವಾ?"

"ಹೌದಮ್ಮ," ಎಂದಳು ಆಕೆ, ತಲೆ ತಗ್ಗಿಸಿ.

*

ಇಪ್ಪತ್ತೆರಡು ವರ್ಷದ ಹಿಂದೆ, ಏಳನೇ ತರಗತಿಯ ಮಕ್ಕಳು ತಂತಮ್ಮ ಮನೆಯ ನೀರನ್ನು ಬಾಟಲಿಯಲ್ಲಿ ತರಬೇಕಿತ್ತು. ಬಾಟಲಿಯ ಮೇಲೆ ಹೆಸರಿಲ್ಲ, ಬರೀ ನಂಬರು. ಯಾವ ನಂಬರು ಯಾರ ಮನೆಯದೆಂಬ ಪಟ್ಟಿ ಮೇಷ್ಟ್ರ ಜೇಬಿನಲ್ಲಿ. "ಹೆಸರು ಗೊತ್ತಾದ್ರೆ ಕಣ್ಣು ಸುಳ್ಳು ಹೇಳುತ್ತೆ ಕಣ್ರೋ. ಸಾಹುಕಾರರ ಮನೆ ನೀರು ತಿಳಿಯಾಗೇ ಕಾಣುತ್ತೆ," ಅನ್ನುತ್ತಿದ್ದರು.

ಕೆಲಸ ಸುಲಭ. ಗಾಜಿನ ನಳಿಕೆಗೆ ನೀರು, ಅದಕ್ಕೆ ಹತ್ತು ಹನಿ ಔಷಧ, ಒಂದು ಪುಟ್ಟ ಚಮಚ ಪುಡಿ. ಅಲ್ಲಾಡಿಸಿ ಹತ್ತು ನಿಮಿಷ ಕಾಯಬೇಕು. ಬಣ್ಣ ಬಾರದಿದ್ದರೆ ಸರಿ. ಗುಲಾಬಿ ಬಂದರೆ ಕಕ್ಕಸು ಗುಂಡಿಯದೋ ಗೊಬ್ಬರದ್ದೋ ಸಾರ ಇಳಿದಿದೆ ಎಂದರ್ಥ. ದೊಡ್ಡವರು ಹೇಗೋ ತಡೆದುಕೊಂಡಾರು, ಹಸುಗೂಸುಗಳ ಜೀವಕ್ಕೆ ಅಪಾಯ.

ಮೊದಲ ದಿನ ಆ ಹುಡುಗಿ ಹನ್ನೊಂದು ಹನಿ ಹಾಕಿದ್ದಳು. ಯಾಕೆಂದು ಕೇಳಿದರೆ, "ಕೊಸರು ಸಾರ್," ಅಂದಿದ್ದಳು. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತ್ತು. ಅಂದಿನಿಂದ ಅವಳ ಹೆಸರೇ ಹನ್ನೊಂದು.

ಹದಿನಾಲ್ಕನೇ ಬಾಟಲಿ ಅವಳ ಪಾಲಿಗೆ ಬಂತು. ಬಣ್ಣ ಗುಲಾಬಿ ದಾಟಿ ಕೆಂಪಾಯಿತು. "ಯಾರದೋ ಕಕ್ಕಸು ನೀರು!" ಎಂದು ಹುಡುಗರು ಕುಣಿದರು. ಮೇಷ್ಟ್ರು ಪಟ್ಟಿ ತೆಗೆದು ನೋಡಿದರು, ಮಡಿಚಿದರು.

"ಇನ್ನೊಂದು ಸಲ ಮಾಡು."

ಈ ಸಲ ಇಡೀ ಕ್ಲಾಸು ಗಟ್ಟಿಯಾಗಿ ಹನಿ ಎಣಿಸಿತು. ಮತ್ತೆ ಕೆಂಪು.

"ಇವಳು ಎಲ್ಲೋ ಒಂದು ಕೊಸರು ಹಾಕಿರ್ತಾಳೆ ಸಾರ್!"

ಮೇಷ್ಟ್ರು ಹೂಂ ಅಂದಿದ್ದರೆ ಅಲ್ಲಿಗೆ ಮುಗಿದಿತ್ತು. ಅವಳ ಹೆಸರೇ ಹಾಗಿರುವಾಗ ಯಾರೂ ಕೇಳುತ್ತಿರಲಿಲ್ಲ.

"ಇಲ್ಲ, ಎಣಿಕೆ ಸರಿ ಇದೆ," ಎಂದರು ಮೇಷ್ಟ್ರು. "ಹದಿನಾಲ್ಕು ನಮ್ಮನೇದು."

ಮರುದಿನದಿಂದ ಬಿಂದಿಗೆಗಳು ಬರಲಿಲ್ಲ. "ಉಂಡ ಮನೆ ಜಂತೆ ಎಣಿಸೋದು ಅಂದ್ರೆ ಇದೇ," ಎಂದು ಹೆಂಡತಿ ಕೂಗಾಡಿದಳು. "ಯಾವುದೋ ಹುಡುಗಿ ಒಂದು ಹನಿ ಹೆಚ್ಚು ಹಾಕಿದ್ದಕ್ಕೆ ನಮ್ಮಪ್ಪನ ಬಾವಿ ಕೆಟ್ಟೋಯ್ತಾ?" ಆಮೇಲೆ ಮೇಷ್ಟ್ರು ತಿಂಗಳಿಗೊಮ್ಮೆ ಆ ನೀರು ಪರೀಕ್ಷಿಸಿ, "ಬಾ ಇಲ್ಲಿ, ನೀನೇ ನೋಡು," ಎಂದು ಕರೆಯುತ್ತಿದ್ದರು. ಅವಳು ಒಂದು ದಿನವೂ ಹೋಗಿ ನೋಡಲಿಲ್ಲ.

*

ಮೇಷ್ಟ್ರ ಹೆಂಡತಿ ಕಪಾಟಿನಿಂದ ಔಷಧದ ಡಬ್ಬಿ ತಂದು ಹನ್ನೊಂದರ ಕೈಗಿಟ್ಟಳು.

"ಮಾಡು. ನನ್ನ ಕಣ್ಣೆದುರಿಗೆ. ಹತ್ತೇ ಹನಿ."

"ಇವತ್ತು ಬೇಡಮ್ಮ. ಇನ್ನೊಂದು ದಿನ ಬರ್ತೀನಿ."

"ಇನ್ನೊಂದು ದಿನ ಅವರು ಇರಲ್ಲ. ತಪ್ಪು ಯಾರದ್ದು ಅಂತ ಅವರ ಮುಂದೇನೇ ಗೊತ್ತಾಗಬೇಕು."

ಹೆಣದ ಪಕ್ಕದಲ್ಲೇ ಕುಳಿತು ಆಕೆ ನಳಿಕೆಗೆ ನೀರು ಹಾಕಿದಳು. ಮೇಷ್ಟ್ರ ಹೆಂಡತಿ ಬೆರಳು ಮಡಿಚುತ್ತ ಗಟ್ಟಿಯಾಗಿ ಎಣಿಸಿದಳು. ಹತ್ತಕ್ಕೆ ನಿಂತಿತು. ಪುಡಿ ಹಾಕುವ ಹೊತ್ತಿಗೆ ಅಳಿಯ ಹನ್ನೊಂದರ ಕಿವಿಯ ಬಳಿ ಬಗ್ಗಿದ.

"ಏನಾದ್ರೂ ಮಾಡಿ, ಚೆನ್ನಾಗಿದೆ ಅಂದ್ಬಿಡಿ ಅಕ್ಕಾ. ಒಂದೇ ಒಂದು ಸುಳ್ಳು. ಪಾಪ, ಇವತ್ತು ಅತ್ತೆಗೆ ಇನ್ನೇನಿದೆ?"

ಸುಳ್ಳು ಹೇಳುವುದೂ ಬೇಕಿರಲಿಲ್ಲ. ಪುಡಿ ಹಾಕದೆ ಅಲ್ಲಾಡಿಸಿದರೆ ನೀರು ನೀರಾಗಿಯೇ ಉಳಿಯುತ್ತದೆ. ಅದು ಗೊತ್ತಿದ್ದದ್ದು ಆ ಮನೆಯಲ್ಲಿ ಅವಳಿಗೊಬ್ಬಳಿಗೇ; ಇನ್ನೊಬ್ಬರು ಸತ್ತು ಮಲಗಿದ್ದರು. ಚಮಚ ಹಿಡಿದ ಕೈ ಹಾಗೇ ನಿಂತಿತು. ಅಂದು ಮೇಷ್ಟ್ರಿಗೂ ಹೀಗೇ ಆಗಿದ್ದಿರಬೇಕು ಅನ್ನಿಸಿ ಅವಳಿಗೆ ಅಳು ಬಂತು. ಮೂಗೊರೆಸಿಕೊಂಡು ಪುಡಿ ಹಾಕಿದಳು.

ಅಲ್ಲಾಡಿಸಿ ಹತ್ತು ನಿಮಿಷ ಕಾದಳು. ಅಂಗಳದವರೂ ಒಳಗೆ ಬಂದು ನಿಂತರು.

"ಬಣ್ಣ ನೋಡೋಕೆ ಹಿಂದೆ ಬಿಳಿ ಇರಬೇಕು. ಒಂದು ಕಾಗದ ಕೊಡ್ತೀರಾ?" ಎಂದು ಆಕೆ ಸುತ್ತ ನೋಡಿದಳು.

"ಇಲ್ಲಿ ಕೊಡು." ಮೇಷ್ಟ್ರ ಹೆಂಡತಿ ನಳಿಕೆ ಇಸಿದುಕೊಂಡಳು. ಕನ್ನಡಕ ಏರಿಸಿ, ಗಂಡನಿಗೆ ಹೊದಿಸಿದ್ದ ಬಿಳಿ ಬಟ್ಟೆಯ ಮೇಲೆ, ಎದೆಯ ಹತ್ತಿರ, ಅದನ್ನು ಹಿಡಿದಳು. ಡಬ್ಬಿಯಲ್ಲಿದ್ದ ಬಣ್ಣದ ಕಾರ್ಡನ್ನು ಪಕ್ಕಕ್ಕಿಟ್ಟು ಒಂದೊಂದೇ ಬಣ್ಣಕ್ಕೆ ಹೋಲಿಸುತ್ತ ಹೋದಳು. ಕೊನೆಯ ಕೆಂಪಿಗೆ ಬಂದು ನಿಂತಳು.

"ಟೈಲರಮ್ಮ, ಲೋಟ ಕೆಳಗಿಡು," ಎಂದಳು, ತಲೆ ಎತ್ತದೆ. "ಯಾರೂ ಕುಡೀಬೇಡಿ."

ಆಮೇಲೆ ಇನ್ನಷ್ಟು ಬಗ್ಗಿ, ಕಾರ್ಡಿನ ಮೊದಲ ಬಣ್ಣದಿಂದ ಮತ್ತೊಮ್ಮೆ ನೋಡತೊಡಗಿದಳು. ಮುಖ ನೋಡಲು ಬಂದವರು ಅವಳ ಹಿಂದೆ ಸಾಲಾಗಿ ನಿಂತು ಕಾದರು.