ತೂಗುಬಟ್ಟೆಗಳ ಹಿಂದೆ

ಅವಳು ಸ್ಟೂಲಿನ ಮೇಲೆ ನಿಂತು, ಕೊಕ್ಕೆ ಕೋಲಿನಿಂದ ಮೇಷ್ಟ್ರ ಶರ್ಟನ್ನು ಇಳಿಸುತ್ತಿದ್ದಳು. ಕೆಳಗೆ ನಿಂತ ಮೇಷ್ಟ್ರು ತಲೆ ಎತ್ತಲಿಲ್ಲ.

"ತಪ್ಪು ತಿಳ್ಕೋಬೇಡಿ. ಮಣ್ಣಿಗೆ ಹಾಕ್ಕೊಂಡು ಬರೋಕೆ ಬೇರೆ ಒಳ್ಳೇದಿಲ್ಲ. ಇರೋದೆಲ್ಲ ನಿಮ್ಮಲ್ಲೇ ಇದೆ."

"ಅದಕ್ಕೇನಂತೆ ಮೇಷ್ಟ್ರೇ, ತಗೊಳ್ಳಿ."

ಹೀಗೆ ಬಂದವರಲ್ಲಿ ಅವರು ಮೊದಲಿಗರೇನಲ್ಲ. ಬೀದಿಯವರ ಒಳ್ಳೆಯ ಬಟ್ಟೆಗಳೆಲ್ಲ ಈ ಲಾಂಡ್ರಿಯಲ್ಲೇ ತೂಗುತ್ತಿದ್ದವು. ಮನೆಯ ಮುಂಭಾಗ ಅಂಗಡಿ, ಒಳಕೋಣೆಯಲ್ಲಿ ಗಂಡನ ಹೆಣ. ನೋಡಲು ಬಂದವರು ಮೊದಲು ತಮ್ಮ ಬಟ್ಟೆ ಇಸಿದುಕೊಂಡು, ಮನೆಗೆ ಹೋಗಿ ಹಾಕಿಕೊಂಡು, ಮತ್ತೆ ಮುಖ ಸಪ್ಪೆ ಮಾಡಿಕೊಂಡು ಬರುತ್ತಿದ್ದರು. ಬದುಕಿದ್ದರೆ ಅವನು ಬಿದ್ದು ಬಿದ್ದು ನಗುತ್ತಿದ್ದ.

ಮೇಷ್ಟ್ರು ತೋಳಿನ ಗೆರೆಯ ಮೇಲೆ ಬೆರಳಾಡಿಸಿದರು. "ಏನೇ ಹೇಳಿ, ನಿಮ್ಮವರು ಊರೂರು ಸುತ್ತೋಕೆ ಶುರು ಮಾಡಿದ್ಮೇಲೆ ನಿಮ್ಮ ಕೈ ಪಳಗಿಬಿಡ್ತು. ಇಂಥ ಇಸ್ತ್ರಿ ಅವರಿದ್ದಾಗಲೂ ಕಂಡಿರ್ಲಿಲ್ಲ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಬಿಡಲಿಲ್ಲ. ಕೇಳಿದಾಗಲೆಲ್ಲ ಬಾಯಿ ಬಿಡುವ ಜಾಯಮಾನ ಅದರದ್ದಲ್ಲ.

*

ಎದೆಯಲ್ಲಿ ಗಡ್ಡೆ ಕಂಡು ಆಸ್ಪತ್ರೆಯಲ್ಲಿ ವಿಕಿರಣ ಚಿಕಿತ್ಸೆ ಶುರುವಾದಾಗ ಅವನು ತಮಾಷೆ ಮಾಡಿದ್ದ. "ಜೀವಮಾನವೆಲ್ಲ ಊರವರ ಬಟ್ಟೆ ಕಾಯಿಸಿದೆ, ಈಗ ನನಗೇ ಇಸ್ತ್ರಿ. ಶನಿವಾರ ಭಾನುವಾರ ರಜೆ ಬೇರೆ ಕಣೇ, ಸರ್ಕಾರಿ ನೌಕರಿ ಸಿಕ್ಕ ಹಾಗೆ."

ಆ ನಗು ಹೆಚ್ಚು ದಿನ ಬಾಳಲಿಲ್ಲ. ಸುಸ್ತು ಬಂತು. ದುಡಿದ ಸುಸ್ತು ಉಂಡು ಮಲಗಿದರೆ ಹೋಗುತ್ತದೆ. ಇದು ಮಲಗಿ ಎದ್ದರೂ ಮಗ್ಗುಲಲ್ಲೇ ಇರುತ್ತಿತ್ತು. ಬೆಳಗ್ಗೆ ಎದ್ದ ಸ್ವಲ್ಪ ಹೊತ್ತು ಮಾತ್ರ ಕೈಗೆ ಕಸುವು. ಅಷ್ಟರಲ್ಲೇ, ಅಂಗಡಿ ತೆರೆಯುವ ಮುಂಚೆ, ಸ್ಟೂಲಿನ ಮೇಲೆ ಕೂತು ಇಸ್ತ್ರಿ ಹಾಕುತ್ತಿದ್ದ. ಕಾಲರಾದ ಮೇಲೆ ಸುಧಾರಿಸಿಕೊಳ್ಳುವುದು, ತೋಳಾದ ಮೇಲೆ ಇನ್ನೊಮ್ಮೆ. ಆ ನಿಧಾನದಿಂದಲೇ ಇರಬೇಕು, ಗೆರೆಗಳು ಎಂದೂ ಇಲ್ಲದಷ್ಟು ನೇರವಾಗಿ ಬೀಳುತ್ತಿದ್ದವು. ಆಸ್ಪತ್ರೆಯಿಂದ ಬಂದರೆ ಒಳಕೋಣೆಯವರೆಗೆ ನಡೆಯಲೂ ಆಗುತ್ತಿರಲಿಲ್ಲ. ಅಂಗಡಿಯಲ್ಲೇ, ತೂಗುಬಟ್ಟೆಗಳ ಹಿಂದಿನ ಮಂಚದ ಮೇಲೆ ಬಿದ್ದುಕೊಳ್ಳುತ್ತಿದ್ದ.

"ಇಲ್ಲೇ ಇರ್ತೀನಿ ಬಿಡು. ನಿನ್ನ ದನಿನಾದ್ರೂ ಕೇಳ್ತಿರುತ್ತೆ."

ಒಂದು ದಿನ ಅದೇ ಬೀದಿಯ ಪುಸ್ತಕದಂಗಡಿಯಾಕೆ ಸೀರೆ ಕೊಡಲು ಬಂದು ದನಿ ತಗ್ಗಿಸಿದಳು. "ಆ ಮೂಲೆಮನೆಯವರ ಬಟ್ಟೆ ನಮ್ಮದರ ಜೊತೆ ಸೇರಿಸ್ಬೇಡಿ. ಅವರ ಯಜಮಾನರಿಗೆ ಕಿರಣ ಕೊಡ್ತಿದ್ದಾರಂತೆ. ಬಟ್ಟೆಗೂ ಹತ್ಕೊಳ್ಳುತ್ತಂತೆ."

ಹತ್ತುವುದಿಲ್ಲ, ಮೆಷಿನು ನಿಂತರೆ ಕಿರಣವೂ ನಿಂತ ಹಾಗೆ ಎಂದು ಆಸ್ಪತ್ರೆಯವರು ಬಿಡಿಸಿ ಹೇಳಿದ್ದರು. ಅದನ್ನು ಆಕೆಗೆ ಹೇಳಲು ನಾಲಗೆ ಏಳಲಿಲ್ಲ.

"ನಿಮ್ಮವರೆಲ್ಲಿ, ಕಾಣ್ತಿಲ್ಲ?"

"ಸ್ನೇಹಿತರೊಬ್ಬರ ಊರಿಗೆ ಹೋಗಿದ್ದಾರೆ."

ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ಇವಳ ಸುಳ್ಳು ಅವನನ್ನು ಹೊತ್ತು ತಿರುಗಿತು. ಒಮ್ಮೆ ಸಮುದ್ರದ ಕಡೆ, ಒಮ್ಮೆ ಗುಡ್ಡದ ಮೇಲೆ. ಕೊನೆಗೆ ಪುಸ್ತಕದಂಗಡಿಯಾಕೆಯೇ, "ಹೆಂಡ್ತಿ ಬೆನ್ನು ಮುರ್ಕೊಳ್ಳಲಿ, ತಾನು ಮೆರೀತಾ ಇರಲಿ. ಕುಡಿತ ಗಿಡಿತ ಇದೆಯೇನು?" ಎಂದಳು.

ಇಲ್ಲ ಎನ್ನಲು ಒಂದು ಕ್ಷಣ ಸಾಕಿತ್ತು. ಇವಳು ನಕ್ಕುಬಿಟ್ಟಳು. "ಏನ್ಮಾಡೋದು, ಕಟ್ಕೊಂಡಾಗಿದೆಯಲ್ಲ."

ಬಟ್ಟೆಗಳ ಹಿಂದೆ ಅವನಿಗೆ ಕೆಮ್ಮು ಬಂತು. ದಿಂಬಿಗೆ ಬಾಯಿ ಒತ್ತಿ ಅದನ್ನು ನುಂಗಿದ್ದು ಅವಳಿಗೆ ಕೇಳಿಸಿತು. ಆಕೆ ಹೋದ ಮೇಲೆ ಅವನು ಒಂದು ಲೋಟ ನೀರು ಕೇಳಿದ, ಅಷ್ಟೇ.

*

ಚಿಕಿತ್ಸೆ ಮುಗಿದಿತ್ತು, ಸುಸ್ತು ಇಳಿದಿರಲಿಲ್ಲ. ನಿನ್ನೆ ಮಧ್ಯಾಹ್ನ ಮಲಗಿದವನ ಹೃದಯ ಮಲಗಿದಲ್ಲೇ ನಿಂತುಹೋಗಿತ್ತು. ಹಿಂದಿನ ರಾತ್ರಿಯಷ್ಟೇ ಊರಿಂದ ಬಂದಿದ್ದರು ಎಂದು ಅವಳು ಬೀದಿಯವರಿಗೆ ಹೇಳಿದ್ದಳು.

ಒಳಕೋಣೆ ತುಂಬಿತ್ತು. ಪರಊರಿನಿಂದ ಬಂದ ಗಂಡನ ಅಕ್ಕ ತಮ್ಮನ ತಲೆಯ ಬಳಿ ಕೂತಿದ್ದಳು. ಅವಳಿಗೂ ಕಾಯಿಲೆಯ ವಿಷಯ ತಿಳಿಸಿರಲಿಲ್ಲ. ಗೋಡೆ ಬದಿಯಲ್ಲಿ ಪಿಸುಮಾತು ನಡೆದಿತ್ತು. 'ಊರೂರು ಸುತ್ತಿ ಏನೇನು ಕುಡಿದನೋ' ಎಂಬುದು ಇವಳ ಕಿವಿಗೂ ಬಿತ್ತು.

ಆಗ ಹೊಸಬಳೊಬ್ಬಳು ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಇವಳಿಗೆ ಗುರುತು ಹತ್ತಿತು. ಆಸ್ಪತ್ರೆಯಲ್ಲಿ ಕಿರಣದ ಮೆಷಿನು ನಡೆಸುವಾಕೆ.

"ಯಾರಿವರು?" ಎಂದರು ಮೇಷ್ಟ್ರು.

"ನಮ್ಮ ದೂರದ ನೆಂಟರು." ಗಂಡನ ಹೆಣದ ಮುಂದೆಯೂ ಸುಳ್ಳು ಸರಾಗವಾಗಿ ಬಂತು.

ಬಂದಾಕೆ ಇವಳ ಮುಖ ನೋಡಿದಳು. "ಹೌದು, ದೂರದಿಂದ ಬಂದೆ" ಎಂದು ಪಕ್ಕದಲ್ಲಿ ಕೂತು, ಕಿವಿಯ ಹತ್ತಿರ ಬಾಗಿ ಹೇಳಿದಳು. "ಮೆಷಿನ್ ಕೆಳಗೆ ಮಲಗಿಸುವಾಗ ದಿನಾ ಕೇಳ್ತಿದ್ವಿ, ನಿನ್ನೆ ಎಲ್ಲಿಗೆ ಹೋಗಿದ್ರಿ ಅಂತ. ಸಮುದ್ರ ನೋಡ್ಕೊಂಡು ಬಂದೆ ಅನ್ನೋರು. ನಮ್ಮವಳು ಒಳ್ಳೊಳ್ಳೇ ಜಾಗಕ್ಕೇ ಕಳಿಸ್ತಾಳೆ ಅನ್ನೋರು."

ಇವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಗಂಡನ ಅಕ್ಕ ಇವಳ ಕೈ ಹಿಡಿದಳು. "ಇವರೆಲ್ಲ ಏನೇನೋ ಅಂತಿದ್ದಾರೆ. ನೀನು ನಿಜ ಹೇಳು. ನನ್ನ ತಮ್ಮ ಕುಡಿದು ಸತ್ನಾ?"

ಗೋಡೆ ಬದಿಯವರು ಇತ್ತ ತಿರುಗಿದರು. ಈಗ ಬಾಯಿ ಬಿಡದಿದ್ದರೆ ಅವನು ಕುಡುಕನೆಂಬ ಹೆಸರು ಹೊತ್ತುಕೊಂಡೇ ಮಣ್ಣಿಗೆ ಹೋಗುತ್ತಾನೆ. ಬಿಟ್ಟರೆ ಇವಳು ನಾಳೆಯಿಂದ ಯಾರಿಗೆ ಮುಖ ತೋರಿಸಬೇಕು?

"ಇಲ್ಲ ಅತ್ತಿಗೆ. ಅವರು ಕುಡೀತಿರ್ಲಿಲ್ಲ. ಎಲ್ಲಿಗೂ ಹೋಗಿರ್ಲಿಲ್ಲ. ಕ್ಯಾನ್ಸರಿತ್ತು, ಕಿರಣ ಕೊಡಿಸ್ತಿದ್ವಿ. ಆ ಬಟ್ಟೆಗಳ ಹಿಂದೆ ಮಲಗಿರ್ತಿದ್ರು, ನಾನು ಈಚೆ ನಿಂತು ಇಲ್ಲ ಅಂತಿದ್ದೆ. ಎಲ್ಲಾ ಅವರ ಕಿವಿಗೆ ಬೀಳ್ತಿತ್ತು."

ಅತ್ತಿಗೆ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

"ನಮಗೊಂದು ಮಾತು ಹೇಳಬಾರದಿತ್ತೇನ್ರೀ?" ಎಂದಳು ಪುಸ್ತಕದಂಗಡಿಯಾಕೆ.

"ಹೇಳಿದ್ರೆ ಬಟ್ಟೆ ಕೊಡ್ತಿದ್ರಾ?"

ಆಕೆ ಸೀರೆಯ ನೆರಿಗೆ ಸರಿಮಾಡಿಕೊಂಡಳು.

"ನಿಮ್ಮ ತಪ್ಪು ಅಂತಲ್ಲ. ನನಗೇ ನಾಚಿಕೆ ಆಗಿತ್ತು, ಅವರ ಕಾಯಿಲೆಗೆ. ಮೇಷ್ಟ್ರೇ, ನೀವು ಹೊಗಳಿದ ಕೈ ನಂದಲ್ಲ. ಅವರು ಬೆಳಗ್ಗೆ ಕೂತ್ಕೊಂಡು, ನಿಲ್ಲಿಸಿ ನಿಲ್ಲಿಸಿ ಮಾಡ್ತಿದ್ರು. ಈಗ ನೀವೆಲ್ಲ ಹಾಕ್ಕೊಂಡಿರೋದೂ ಅವರು ಮಾಡಿಟ್ಟಿದ್ದೇ."

ಯಾರೂ ಸಮಾಧಾನ ಹೇಳಲಿಲ್ಲ. ಹೇಳಬಾರದೆಂದೇ ಅವಳಿಗೂ ಇತ್ತು.

ಹೊರಗೆ ವ್ಯಾನು ಬಂದು ನಿಂತಿತು. ಮೇಷ್ಟ್ರೂ ಇನ್ನು ಕೆಲವು ಗಂಡಸರೂ ಎತ್ತಲು ಮುಂದೆ ಬಂದರು. ಭಾರ ಎತ್ತುವ ಮುಂಚಿನ ರೂಢಿಯಂತೆ ಮೇಷ್ಟ್ರು ಕಫ್ಫಿನ ಗುಂಡಿ ಬಿಚ್ಚಿ, ತೋಳು ಮೇಲಕ್ಕೆ ಮಡಿಸಲು ಹೋದರು. ಕೈ ಅಲ್ಲೇ, ಇಸ್ತ್ರಿಯ ಗೆರೆಯ ಮೇಲೆ, ನಿಂತಿತು. ಅವರು ಗುಂಡಿಯನ್ನು ಮತ್ತೆ ಹಾಕಿಕೊಂಡರು. ಉಳಿದವರೂ, ತೋಳುಗಳನ್ನು ಮಣಿಕಟ್ಟಿನವರೆಗೆ ಹಾಗೇ ಬಿಟ್ಟುಕೊಂಡು, ಬಾಗಿ ಅವನನ್ನು ಎತ್ತಿದರು.