ಇಪ್ಪತ್ನಾಲ್ಕನೇ ನಂಬರಿನ ರೌಟರು

ನಾನು ಒಂದು ಗಳಿಗೆ ಉಸಿರು ಬಿಗಿಹಿಡಿದರೆ ಸಾಕು, ಕೊಲ್ಹಾಪುರದಿಂದ ಗಡಹಿಂಗ್ಲಜದವರೆಗೆ ಇಂಟರ್ನೆಟ್ ನಿಂತುಬಿಡುತ್ತದೆ. ಜನರ ಮೇಲಿನ ಕರುಣೆಯಿಂದ ಸದಾ ಉಸಿರಾಡುತ್ತಲೇ ಇರುತ್ತೇನೆ, ಅಷ್ಟೆ. ಇಚಲಕರಂಜಿಯಲ್ಲಿ ನನ್ನ ಬಟ್ಟೆ ಅಂಗಡಿ ಇದೆ, ನಂಬರು ಇಪ್ಪತ್ನಾಲ್ಕು. ಸ್ಕೂಟರಿನ ನಂಬರೂ ಇಪ್ಪತ್ನಾಲ್ಕು, ಫೋನಿನ ಕೊನೆಗೂ ಇಪ್ಪತ್ನಾಲ್ಕು. ತೀರ್ಥಂಕರರು ಇಪ್ಪತ್ನಾಲ್ಕು ಮಂದಿ. ಅದಕ್ಕಿಂತ ಗಟ್ಟಿ ನಂಬರು ಜಗತ್ತಿನಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಸಿದ್ಧಾಂತ.

ಹೋದ ಮಾಘದಲ್ಲಿ ಎಸ್‌ಟಿ ಬಸ್ಸು ಹಿಡಿದು ನೂಲ ಎಂಬ ಹಳ್ಳಿಗೆ ಹೋದೆ, ಸೋದರತ್ತೆ ಮಾಣಿಕಬಾಯಿಯನ್ನು ನೋಡಲು. ಸಣ್ಣವನಿದ್ದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು, ಈಗ ಕಾಲು ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿ ಮಂಚ ಹಿಡಿದಿದ್ದಳು. ಹಿತ್ತಲ ಕೊಟ್ಟಿಗೆಯಲ್ಲಿ ಚಂದ್ರಿ ಎಂಬ ಎಮ್ಮೆಗೆ ದಿನ ತುಂಬಿದ್ದವು. ಹೋದ ಸಲ ಅದು ಈಯುವಾಗ ಹತ್ತಿರ ಯಾರೂ ಇರದೆ ಕರು ಉಳಿಯಲಿಲ್ಲ. ಆ ಸಂಕಟ ಅತ್ತಿಯ ಹೊಟ್ಟೆಯಲ್ಲಿ ಇನ್ನೂ ಇತ್ತು. ಅದಕ್ಕೇ ಸೊಸೆ ಪ್ರಿಯದರ್ಶನಿ ಕೊಟ್ಟಿಗೆಗೊಂದು ಕ್ಯಾಮೆರಾ ಹಾಕಿಕೊಟ್ಟಿದ್ದಳು. ಅತ್ತಿ ಮಲಗಿದಲ್ಲೇ ಫೋನಿನಲ್ಲಿ ಎಮ್ಮೆ ಕಾಯುತ್ತಿದ್ದಳು.

ಚಿತ್ರ ನಡುನಡುವೆ ತಡೆದು ನಿಲ್ಲುತ್ತದೆ ಎಂದು ನನ್ನ ಮುಂದೆ ಅಂದದ್ದೇ ಅವಳ ತಪ್ಪು. ಪ್ರಿಯದರ್ಶನಿ ಕಲಿಸಲು ಗಡಹಿಂಗ್ಲಜದ ಶಾಲೆಗೆ ಹೋಗಿದ್ದಳು, ಅತ್ತಿಯ ಮಗ ಕಬ್ಬಿನ ಜೊತೆ ಕಾರಖಾನೆಗೆ. ತಡೆಯುವವರು ಯಾರೂ ಇರಲಿಲ್ಲ. ರೌಟರಿನ ಹೊಟ್ಟೆಗೆ ಅಂಟಿಸಿದ ಚೀಟಿ ನೋಡಿ ಪಾಸ್‌ವರ್ಡ್ ಹೊಡೆದು, ನನ್ನ ಫೋನಿನಲ್ಲೇ ಅದರ ಸೆಟ್ಟಿಂಗ್ ತೆರೆದೆ. ಲೋಕಲ್ ನೆಟ್‌ವರ್ಕ್ ಎಂಬಲ್ಲಿ ರೌಟರಿನ ವಿಳಾಸ ಕಂಡಿತು: 192.168.1.1. ನನಗೆ ಕೆಡುಕೆನಿಸಿತು. ಇಂಥ ಮನೆತನಕ್ಕೆ ಬರೀ ಒಂದೇ? ಮೂರನೆಯ ಜಾಗದ ಒಂದನ್ನು ಅಳಿಸಿ ಇಪ್ಪತ್ನಾಲ್ಕು ಮಾಡಿ ಸೇವ್ ಒತ್ತಿದೆ. ದೀಪಗಳು ಆರಿ ಮತ್ತೆ ಹೊತ್ತಿಕೊಂಡವು. ಇಬ್ಬರ ಫೋನಿಗೂ ಇಂಟರ್ನೆಟ್ ಬಂತು, ನಲವತ್ತು ಪಟ್ಟು ಜೋರಾಗಿ. ಕ್ಯಾಮೆರಾ ಮಾತ್ರ ಬರಲಿಲ್ಲ. ಅತ್ತಿಯ ಫೋನಿನಲ್ಲಿ ಕೊಟ್ಟಿಗೆ ಇದ್ದಲ್ಲಿ ಬರೀ ಕರೀ ಚೌಕ.

ಕ್ಯಾಮೆರಾಕ್ಕೆ ವಯಸ್ಸಾಗಿತ್ತು, ಪಾಪ, ಅದರ ಆಯುಷ್ಯ ಮುಗಿಯಿತು ಎಂದು ಅತ್ತಿಯ ಮುಂದೆ ಬಿಡಿಸಿ ಹೇಳುತ್ತಿದ್ದಾಗಲೇ ಹಿತ್ತಲಲ್ಲಿ ಚಂದ್ರಿ ಒದರಿತು. ಅತ್ತಿ ಪ್ಲಾಸ್ಟರಿನ ಕಾಲು ಎಳೆದುಕೊಂಡು ಮಂಚದಿಂದ ಇಳಿಯಲು ಹೊರಟಳು.

"ನೀ ಏಳಬ್ಯಾಡ ಅತ್ತಿ," ಅಂದೆ. "ಕ್ಯಾಮೆರಾ ನಾನ ಆಗ್ತೇನಿ."

ಅವಳಿಗೆ ವಿಡಿಯೊ ಕಾಲ್ ಹಚ್ಚಿ ಕೊಟ್ಟಿಗೆಗೆ ಓಡಿದೆ. ಎರಡು ತಾಸು ಕೈ ಎತ್ತಿ ನಿಂತೆ. ಬಾಲದ ಕಡೆ ಹಿಡಿ, ದೂರ ನಿಲ್ಲು, ಹೆಸರು ಹಿಡಿದು ಮಾತಾಡಿಸು ಎಂದು ಅತ್ತಿ ಫೋನಿನೊಳಗಿಂದ ನಡೆಸಿದಳು. ಕೊನೆಗೆ ಆನೆಮರಿಯಂಥ ಕರುವನ್ನು ಒಂದೇ ಕೈಯಲ್ಲಿ ಎಳೆದು ತೆಗೆದೆ. ಇನ್ನೊಂದು ಕೈಯ ಫೋನು ಕೂದಲೆಳೆಯಷ್ಟೂ ಅಲುಗಲಿಲ್ಲ. ಓಣಿಯಲ್ಲಿ ಹನ್ನೊಂದು ಮನೆಗಳಿಗೆ ಹೀಗೆಯೇ ಹೇಳಿ ಬಂದೆ.

ನಮ್ಮ ಜೈನರಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಅಂದೂ ಎಲ್ಲರೂ ಬೇಗ ತಾಟಿನ ಮುಂದೆ ಕೂತೆವು. ಪ್ರಿಯದರ್ಶನಿ ಎಡಗೈಯಲ್ಲಿ ಫೋನು ಹಿಡಿದು ಕ್ಯಾಮೆರಾ ಹುಡುಕುತ್ತಿದ್ದಳು. ಹಳೆಯ ವಿಳಾಸ ಹೊಡೆದರೆ ರೌಟರು ತೆರೆಯಲಿಲ್ಲ. ವೈಫೈಯ ವಿವರ ತೆಗೆದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಭಾವಾರ, ಈ ಇಪ್ಪತ್ನಾಲ್ಕ ಎಲ್ಲಿಂದ ಬಂತ್ರಿ?"

ಕಂಪನಿಯವರು ಬದಲಿಸಿರಬೇಕು ಎಂದೆ.

"ಕಂಪನಿಯವರ ಸ್ಕೂಟರಿಗೂ ನಿಮ್ಮಂಗ ಇಪ್ಪತ್ನಾಲ್ಕ ನಂಬರ ಐತೇನ್ರಿ?"

ಅತ್ತಿಯ ಮುಂದೆ ಅವಳು ಬಿಡಿಸಿ ಹೇಳಿದಳು. ರೌಟರಿನ ವಿಳಾಸ ಬದಲಾದರೆ ಓಣಿಯೇ ಬದಲಾದಂತೆ. ಫೋನುಗಳು ತಾವೇ ಹೊಸ ಓಣಿಗೆ ಬಂದವು. ಕ್ಯಾಮೆರಾಕ್ಕೆ ಅವಳು ಹಳೆಯ ಓಣಿಯ ನಂಬರನ್ನೇ ಕಾಯಂ ಮಾಡಿದ್ದಳು. ಅದು ಅಲ್ಲೇ ಕೂತಿದೆ, ಯಾರ ಕಣ್ಣಿಗೂ ಬೀಳದೆ.

ನಾನು ರೊಟ್ಟಿ ಮುರಿಯುವುದರಲ್ಲಿ ಮಗ್ನನಾದೆ. ಅತ್ತಿ ಮಂಚದಿಂದಲೇ ಮೆಲ್ಲಗೆ ಅಂದಳು:

"ಜಿನ್ಯಾ, ಕರಾ ಬೀಳೂ ಹೊತ್ತಿಗೆ ನಿನ್ನ ಹೆಬ್ಬಟ್ಟು ತಾಗಿ ಫೋನಿನ ಕ್ಯಾಮೆರಾ ನಿನ್ನ ಕಡೆ ತಿರಗಿತ್ತು. ನನಗ ಕರಾ ಕಾಣಲಿಲ್ಲ, ನಿನ್ನ ಮಾರಿ ಕಾಣಿಸ್ತು. ಕಣ್ಣ ಮುಚ್ಚಿ ಅಳಾಕತ್ತಿದ್ದಿ. 'ಚಂದ್ರಿ, ತಪ್ಪಾತು, ತಪ್ಪಾತು' ಅಂತಿದ್ದಿ. ಏನ ತಪ್ಪಂತ ಆಗ ತಿಳೀಲಿಲ್ಲ. ಈಗ ತಿಳೀತು." ಆಮೇಲೆ ಸೊಸೆಯ ಕಡೆ ತಿರುಗಿದಳು. "ಅವನ ರೊಟ್ಟಿಗೆ ಇನ್ನೊಂದೀಟ ಬೆಣ್ಣಿ ಹಾಕ."

ಇನ್ನು ಮುಚ್ಚಿಡುವುದೇನು? ವಿಳಾಸ ಬದಲಿಸಿದ್ದು ನಾನೇ. ಕರುವನ್ನು ನಾನು ಎಳೆಯಲಿಲ್ಲ, ಅದು ತಾನಾಗಿಯೇ ಬಿತ್ತು. ಕರುವಿನ ಮೂಗು ಒರೆಸಿದ್ದೊಂದು ನಿಜ, ಅದೂ ಅತ್ತಿ ಮೂರು ಸಲ ಕೂಗಿದ ಮೇಲೆ. ಬಿದ್ದ ಕರು ಅಲುಗುವವರೆಗೂ ನಾನು ಉಸಿರು ಬಿಗಿಹಿಡಿದೇ ನಿಂತಿದ್ದೆ. ಇಂಟರ್ನೆಟ್ ನಿಲ್ಲಲಿಲ್ಲ. ಅದಕ್ಕೇ ಅತ್ತಿಯ ಫೋನಿನಲ್ಲಿ ನನ್ನ ಮುಖ ಕಂಡಿತು.