ಅಂಥದ್ದೇ ಇನ್ನೊಂದು ಚಾಕು

ಕೇಳಿದ ತಕ್ಷಣ ಅಕ್ಕ ಚಾಕು ತೆಗೆದು ಕೊಟ್ಟುಬಿಟ್ಟಳು. ತಂಗಿಗೆ ಅದಕ್ಕೇ ಇನ್ನಷ್ಟು ಉರಿಯಿತು. ಒಂದು ಸಲವಾದರೂ "ಕೊಡಲ್ಲ, ಹೋಗೇ" ಅಂದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

"ಸಾಣೆ ಹಿಡಿಸ್ಕೊಂಡು ಬರ್ತೀನಿ. ಮೊಂಡಾಗಿದೆ."

"ಮೊಂಡಾ? ಬೆಣ್ಣೆ ಕೊಯ್ದಂಗೆ ಕೊಯ್ಯುತ್ತಲ್ಲೇ!"

"ನಿನ್ಗೇನಮ್ಮ, ಮುಟ್ಟಿದ್ದೆಲ್ಲ ಬೆಣ್ಣೆ."

ಸಾಣೆ ಬರೀ ನೆಪ. ಅದು ಯಾವ ಜಾತಿಯ ಚಾಕು ಎಂದು ತಿಳಿದುಕೊಂಡು, ಅಂಥದ್ದೇ ಇನ್ನೊಂದನ್ನು ಕೊಳ್ಳಬೇಕೆಂದು ತಂಗಿ ಹೊರಟಿದ್ದಳು. ಗ್ಯಾರೇಜಿನಲ್ಲಿ ಫಿಟ್ಟರ್ ಆಗಿದ್ದ ಅಪ್ಪ ಅದನ್ನು ಯಾವುದೋ ಗುಜರಿಯಿಂದ ತಂದಿದ್ದರು. ಮಡಚುವ ಚಾಕು, ಒಂದು ತುದಿಯಲ್ಲಿ ಅಲಗು, ಇನ್ನೊಂದು ತುದಿಯಲ್ಲಿ ಎಲುಬಿನ ಪುಟ್ಟ ನಾಲಗೆ. ಕಣ್ಣು ಮುಚ್ಚುವ ಮುಂಚೆ ಅಪ್ಪ ಗಡಿಯಾರ, ರೇಡಿಯೋ, ಹೊಲಿಗೆ ಯಂತ್ರ ಎಲ್ಲವನ್ನೂ ತಂಗಿಗೇ ಕೊಟ್ಟಿದ್ದರು. ಚಾಕು ಮಾತ್ರ "ದೊಡ್ಡವಳಿಗೆ" ಅಂದಿದ್ದರು. ಅಕ್ಕ ಪುಸ್ತಕಕ್ಕೆ ರಟ್ಟು ಕಟ್ಟುವವಳು. ಆ ನಾಲಗೆಯಿಂದ ಅವಳು ಕಾಗದದ ಮಡಿಕೆ ತೀಡುವುದನ್ನು ಕಂಡಾಗಲೆಲ್ಲ ತಂಗಿ ಹೊಟ್ಟೆಕಿಚ್ಚಿನಿಂದ ಹೊಲಿಗೆ ಯಂತ್ರವನ್ನು ಇನ್ನೂ ಜೋರಾಗಿ ತುಳಿಯುತ್ತಿದ್ದಳು.

ತಂಗಿಯ ಕತ್ತರಿಗಳಿಗೆ ಸಾಣೆ ಹಿಡಿಯುವ ತಾತ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದ.

"ಇದು ಗಿಡಕ್ಕೆ ಕಸಿ ಕಟ್ಟೋ ಚಾಕು, ತಾಯಿ. ಅಲಗಲ್ಲಿ ತೊಗಟೆ ಸೀಳೋದು, ಈ ನಾಲಗೇಲಿ ಮೆಲ್ಲಗೆ ಎಬ್ಸೋದು."

"ಅಂಥದ್ದು ಇನ್ನೊಂದು ಸಿಗುತ್ತಾ?"

"ಒಂದೇನು, ಹತ್ತು ಕೊಡುಸ್ತೀನಿ."

ತಂಗಿಯ ಮುಖ ಅರಳಿತು. ಹತ್ತು! ಅಕ್ಕನ ಮೇಜಿನ ಮುಂದೆಯೇ ನಿಂತು ಹೊಸದನ್ನು ಟಕ್ಕೆಂದು ಬಿಚ್ಚಬೇಕು.

ತಾತ ಅಲಗನ್ನು ಬಿಚ್ಚಲು ಹೋದವನು ತಡವರಿಸಿದ. ಚಾಕುವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ. "ಇರು ತಾಯಿ. ಇಂಥದ್ದು ಸಿಗಲ್ಲ."

"ಈಗ ತಾನೇ ಹತ್ತು ಅಂದ್ರಿ!"

"ಅಲಗು ಬಿಚ್ಚೋಕೆ ಉಗುರು ಸಿಗ್ಸೋ ಗೀರು ನೋಡು, ಆ ಕಡೆ ಇರ್ಬೇಕಾದ್ದು ಈ ಕಡೆ ಇದೆ. ಅಲಗಿನ ಇಳಿಜಾರೂ ಉಲ್ಟಾ. ಯಾರೋ ಕೂತು, ಅರದಲ್ಲಿ ಉಜ್ಜಿ ಉಜ್ಜಿ ಪೂರ್ತಿ ತಿರುಗಿಸಿದಾರೆ. ನಿನ್ ಕೈಗೆ ಇದು ವಾರೆವಾರೆ ಕೊಯ್ಯುತ್ತೆ, ಹೌದೋ ಅಲ್ಲೋ? ಮನೇಲಿ ಎಡಚರು ಯಾರು?"

ತಂಗಿಗೆ ಚಿಕ್ಕಂದಿನ ಒಂದು ದಿನ ನೆನಪಾಯಿತು. ಶಾಲೆಯಲ್ಲಿ ಎಡಗೈಯಲ್ಲಿ ಬರೆದಳೆಂದು ಅಕ್ಕ ಬೆರಳ ಗೆಣ್ಣಿಗೆ ಪೆಟ್ಟು ತಿಂದು ಬರುತ್ತಿದ್ದ ವರ್ಷ ಅದು. ಅಪ್ಪ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಏನನ್ನೋ ಉಜ್ಜುತ್ತಿದ್ದರು, ಮೊಣಕಾಲಿನ ಮೇಲೆಲ್ಲ ಕಬ್ಬಿಣದ ಪುಡಿ. "ನನ್ಗೆ?" ಎಂದು ಇವಳು ಕೈಯೊಡ್ಡಿದ್ದಳು. ಅಪ್ಪ ತಲೆ ಎತ್ತದೆ, "ನಿನ್ಗೇನು ಬಿಡು ಮಗಳೇ, ಎಲ್ಲಾ ಅಂಗಡೀಲೇ ಸಿಗುತ್ತೆ" ಅಂದಿದ್ದರು. ಅಂದು ಕಾಲು ಬಡಿದು ಅತ್ತವಳಿಗೆ ಆ ಮಾತಿನ ಅರ್ಥ ಈ ಅಂಗಡಿಯ ಸ್ಟೂಲಿನ ಮೇಲೆ ಹೊಳೆಯಿತು. ಅರ್ಥವಾದರೂ ಉರಿ ತಗ್ಗಲಿಲ್ಲ. ಅಷ್ಟು ಹೊತ್ತು ಉಜ್ಜಿದ್ದರಲ್ಲ, ಅವಳೊಬ್ಬಳಿಗಾಗಿ!

ಅಕ್ಕನಿಗೆ ಇದು ಗೊತ್ತಿಲ್ಲ ಎಂಬುದು ದಾರಿಯಲ್ಲಿ ಹೊಳೆಯಿತು. ಅವಳು ಅದನ್ನು ಸಲೀಸಾದ ಚಾಕು ಎಂದಷ್ಟೇ ತಿಳಿದಿದ್ದಾಳೆ. ಹೇಳದೇ ಇದ್ದರೆ ಅದು ಎಂದೆಂದಿಗೂ ಅಷ್ಟೇ. ಆ ಯೋಚನೆ ಬಾಯಲ್ಲಿ ಕಲ್ಲುಸಕ್ಕರೆಯಂತೆ ಮನೆಯ ತನಕ ಬಂತು.

ಅಂಟು ಹಚ್ಚುತ್ತಿದ್ದ ಅಕ್ಕ ತಲೆ ಎತ್ತಿದಳು. "ಏನಂದ್ರೇ ತಾತ?"

"ಏನಿಲ್ಲ. ಹಳೇ ಚಾಕು."

"ಅಷ್ಟೇನಾ?" ಅಕ್ಕ ನಕ್ಕು ಎಡಗೈ ಚಾಚಿದಳು. ಗೆಣ್ಣಿನ ಮೇಲೆ ಆ ಹಳೆಯ ಕಲೆಗಳು ಇನ್ನೂ ಇದ್ದವು.

ತಂಗಿ ಚಾಕುವನ್ನು ಆ ಅಂಗೈಯಲ್ಲಿ ಕುಕ್ಕಿದಳು.

"ನಿನ್ಗೇಂತ ತಿರುಗಿಸಿ ಮಾಡಿದ್ದಂತೆ ಕಣೇ ಎಡಚಿ. ಎಡಗೈಗೆ. ಅಪ್ಪನೇ. ಬೇರೆ ಯಾರ ಕೈಗೂ ಬಗ್ಗಲ್ವಂತೆ, ನಿನ್ ಥರಾನೇ."

ಅಕ್ಕ ಚಾಕುವನ್ನು ಹಿಂದೆ ಮುಂದೆ ತಿರುಗಿಸಿದಳು. ಅಂಟಿನ ಕುಂಚ ಕಾಗದಕ್ಕೆ ಅಂಟಿಕೊಂಡೇ ಬಿಟ್ಟಿತು.

"ಅಪ್ಪನಾ? ಯಾವಾಗ ಮಾಡಿದ್ರು? ನಾನು ನೋಡ್ಲೇ ಇಲ್ವಲ್ಲೇ."

"ನೀನೆಲ್ಲಿ ನೋಡ್ತೀಯ, ಒಳಗೆ ಅಳ್ತಾ ಮಲಗಿದ್ದೆ. ನೋಡಿದ್ದು ನಾನು." ತಂಗಿ ಸ್ಟೂಲ್ ಎಳೆದು ಕೂತಳು. "ಹೇಳ್ತೀನಿ ಕೇಳು. ಮಧ್ಯೆ ಬಾಯಿ ಹಾಕಬೇಡ."